ಮೂರು ಇನ್ವರ್ಟರ್, ಒಂದು ಫ್ಯೂಸ್

ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿದ್ಯುಚ್ಛಕ್ತಿಯ ಪಾಠ ಮಾಡಿದವನು ನಾನು. ಕಣ್ಣು ಮುಚ್ಚಿಕೊಂಡು ಸರ್ಕ್ಯೂಟ್ ಬರೆಯಬಲ್ಲೆ. ಆದರೆ ನಮ್ಮ ಮನೆಯಲ್ಲಿ ಒಂದು ಬಲ್ಬು ಸುಟ್ಟುಹೋದರೆ ನನಗೆ ಸ್ಟೂಲು ಹಿಡಿದುಕೊಳ್ಳುವ ಕೆಲಸ ಮಾತ್ರ. ಹತ್ತುವವನು ಅಪ್ಪ. ಅಪ್ಪ ನಿವೃತ್ತ ಲೈನ್‌ಮ್ಯಾನ್. ನಮ್ಮ ಶೆಟ್ಟಿಹಳ್ಳಿಯಿಂದ ಹಿಡಿದು ಆ ಕಡೆ ಚಿಕ್ಕಬಾಣಾವರ, ಈ ಕಡೆ ಮಾಕಳಿಯವರೆಗೆ ಅವನು ಹತ್ತದ ಕಂಬವಿರಲಿಲ್ಲ. ನಾನು ಟೆಸ್ಟರ್ ಮುಟ್ಟಿದರೆ ಸಾಕು, “ಪುಸ್ತಕದ ಕರೆಂಟು ಕಚ್ಚಕಿಲ್ಲ ಮೇಷ್ಟ್ರೇ, ಕಂಬದ್ದು ಕಚ್ತದೆ” ಅನ್ನುತ್ತಿದ್ದ. ಹೆತ್ತ ಮಗನನ್ನು ಮೇಷ್ಟ್ರೇ ಎಂದು ಕರೆಯುವುದು ಗೌರವಕ್ಕಲ್ಲ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು.

ಬಲ್ಬು ಬದಲಿಸಲು ಅವನದೊಂದು ಕ್ರಮವಿತ್ತು. ಮೊದಲು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಪಕ್ಕದ ಮೀಟರ್ ಬೋರ್ಡಿಗೆ ಹೋಗುತ್ತಿದ್ದ. ಅಲ್ಲಿ ಬೀದಿಯಿಂದ ಮನೆಗೆ ಬರುವ ಲೈನಿನ ಪಿಂಗಾಣಿ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇಡೀ ಮನೆ ಸತ್ತುಹೋದ ಮೇಲೆ ಒಳಗೆ ಬಂದು ಬಲ್ಬು ತಿರುಪುತ್ತಿದ್ದ. ಅಷ್ಟರಲ್ಲಿ ನನ್ನ ಹೆಂಡತಿಯ ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿರುತ್ತಿತ್ತು. ಸ್ವಿಚ್ ಆರಿಸಿದರೆ ಸಾಲದೇ ಎಂದು ಒಮ್ಮೆ ಕೇಳಿದ್ದೆ. “ಸ್ವಿಚ್ಚನ್ನ ಯಾರಾನಾ ಒತ್ತಬೌದು. ನನ್ನ ಜೇಬಿಗೆ ಯಾರೂ ಕೈ ಆಕಕಿಲ್ಲ” ಅಂದ. ಹೀಗೆ ಫ್ಯೂಸು ಹೊತ್ತು ಹೊತ್ತು ಅವನ ಅಂಗಿಗಳೆಲ್ಲ ಎಡಗಡೆಗೆ ಜೋತುಬಿದ್ದಿದ್ದವು. ಮದುವೆಗೆ ಹಾಕಿಕೊಳ್ಳುವ ಬಿಳಿ ಅಂಗಿಯೂ ಅದಕ್ಕೆ ಹೊರತಾಗಿರಲಿಲ್ಲ.

ನಿವೃತ್ತಿಯಾದ ಮೇಲೆ ಅಪ್ಪನಿಗೆ ದಮ್ಮು ಶುರುವಾಯಿತು. ಡಾಕ್ಟರು ನೆಬ್ಯುಲೈಸರ್ ಬರೆದುಕೊಟ್ಟರು. ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ಅದರಿಂದ ಬರುವ ಔಷಧಿಯ ಆವಿಯನ್ನು ಹತ್ತು ನಿಮಿಷ ಎಳೆದುಕೊಂಡರೆ ಉಸಿರು ಹದಕ್ಕೆ ಬರುತ್ತಿತ್ತು. ಅಪ್ಪ ಅದಕ್ಕೆ ಹೊಗೆ ಮೆಷೀನು ಎಂದು ಹೆಸರಿಟ್ಟ. ತೊಂದರೆ ಇಷ್ಟೇ: ಮೆಷೀನು ನಡೆಯುವುದು ಕರೆಂಟಿನಲ್ಲಿ. ಮೆಟ್ರೋ ರೈಲು ನಾಗಸಂದ್ರಕ್ಕೆ ಹೊಸದಾಗಿ ಬಂದಿದ್ದ ಕಾಲ ಅದು. ರೈಲು ಬಂದರೂ ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಕರೆಂಟು ನೆಟ್ಟಗೆ ಇರುತ್ತಿರಲಿಲ್ಲ, ಬಂದು ಹೋಗುತ್ತಲೇ ಇತ್ತು. ಕರೆಂಟು ಹೋಗುವುದೂ ಅಪ್ಪನಿಗೆ ದಮ್ಮು ಏರುವುದೂ ಒಟ್ಟಿಗೆ ಬಂದ ದಿನ ಅವನು ಜಗಲಿಯ ಕುರ್ಚಿಯಲ್ಲಿ ಮಂಡಿಯ ಮೇಲೆ ಕೈಯೂರಿ ಕೂರುತ್ತಿದ್ದ. ಭುಜ ಏರುತ್ತಿತ್ತು, ಇಳಿಯುತ್ತಿತ್ತು. ನಾವು ಪೇಪರಿನಲ್ಲಿ ಗಾಳಿ ಬೀಸುತ್ತಾ ಟ್ಯೂಬ್‌ಲೈಟನ್ನೇ ನೋಡುತ್ತಿದ್ದೆವು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಆ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಅಪ್ಪನ ಮೇಲೇ ರೇಗುತ್ತಿದ್ದೆ.

ಇನ್ವರ್ಟರ್ ತರೋಣ ಅಂದೆ. ಅಪ್ಪ ಒಪ್ಪಲಿಲ್ಲ. ಲೈನ್‌ಮ್ಯಾನ್ ಮನೆಗೆ ಇನ್ವರ್ಟರ್ ತರುವುದು ಅಡುಗೆಭಟ್ಟನ ಮನೆಗೆ ಹೋಟೆಲ್ ಪಾರ್ಸಲ್ ತಂದ ಹಾಗೆ ಅನ್ನುವುದು ಅವನ ವಾದ. ನಾನು ಕೇಳದೆ ಯಶವಂತಪುರಕ್ಕೆ ಹೋಗಿ ಕಡಿಮೆ ಬೆಲೆಯದೊಂದು ಇನ್ವರ್ಟರನ್ನು ಬ್ಯಾಟರಿಯ ಸಮೇತ ಹೊತ್ತು ತಂದೆ. ಯಾವುದಾದರೇನು, ಕರೆಂಟು ಕರೆಂಟೇ ಅನ್ನುವ ಧೈರ್ಯ, ಮೇಷ್ಟ್ರ ಧೈರ್ಯ. ಮುಂದಿನ ಮಧ್ಯಾಹ್ನ ಕರೆಂಟು ಹೋಯಿತು. ನಾನು ಹೆಮ್ಮೆಯಿಂದ ನೆಬ್ಯುಲೈಸರ್ ಹಾಕಿದೆ. ಅದು ಗೊರ್ರ್ ಎಂದು ನಡುಗಿತು, ಟೇಬಲ್ಲಿನ ಮೇಲೆ ತಾನೇ ಎರಡು ಗೇಣು ನಡೆದು ಅಂಚಿಗೆ ಬಂತು. ಆವಿ ಮಾತ್ರ ಎಳ್ಳಷ್ಟೂ ಬರಲಿಲ್ಲ. ಮೇಲೆ ಫ್ಯಾನೂ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಅಪ್ಪ ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದ. “ಇದು ಉಸ್ರು ಕೊಡ್ತೈತೋ, ಕಿತ್ಕೊಳ್ತೈತೋ, ಮೇಷ್ಟ್ರೇ?”

ಇನ್ವರ್ಟರನ್ನೂ ಬ್ಯಾಟರಿಯನ್ನೂ ಹೊತ್ತುಕೊಂಡು ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವನು ಶಾಂತವಾಗಿ, ಇದು ಚೌಕದ ಅಲೆ ಕೊಡುವ ಇನ್ವರ್ಟರ್ ಸಾರ್, ಬಲ್ಬಿಗೆ ಸರಿ, ಮೋಟಾರ್ ಇರುವ ಸಾಮಾನಿಗೆ ಸೈನ್ ವೇವ್ ಬೇಕು, ಅದು ಮೆತ್ತಗೆ ಏರಿ ಮೆತ್ತಗೆ ಇಳಿಯುತ್ತೆ ಎಂದು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದ. ಅದೇ ಬೆಳಗ್ಗೆ ಅದೇ ಚಿತ್ರವನ್ನು ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ನಾನೇ ಬರೆದಿದ್ದೆ, ಅಂದವಾಗಿ ಬಂದಿಲ್ಲವೆಂದು ಒಬ್ಬಳ ಕೈಲಿ ಎರಡು ಸಲ ತಿದ್ದಿಸಿಯೂ ಇದ್ದೆ. ಅಂಗಡಿಯವನಿಗೆ ನನ್ನ ಕೆಲಸ ಏನೆಂದು ಹೇಳಲಿಲ್ಲ. ಎರಡನ್ನೂ ಅಲ್ಲೇ ಬಿಟ್ಟು ಬಂದೆ.

ಅವಮಾನವಾದಾಗ ನಾನು ಚಿಕ್ಕದನ್ನು ಸರಿಮಾಡುವ ಜಾತಿಯಲ್ಲ, ದೊಡ್ಡದಕ್ಕೇ ಕೈ ಹಾಕುವ ಜಾತಿ. ನಮ್ಮದು ಎರಡು ಮಹಡಿಯ ಮನೆ. ತಾರಸಿಯ ಮೇಲೆ ಬಿಸಿಲಿದೆ, ಆಷಾಢದಲ್ಲಿ ಒಣಹಾಕಿದ ಪಂಚೆ ಪಕ್ಕದ ಬೀದಿಗೆ ಹೋಗುವಷ್ಟು ಗಾಳಿಯಿದೆ. ಇನ್ನು ಯಾರ ಹಂಗು? ಸೂರ್ಯನನ್ನೂ ಗಾಳಿಯನ್ನೂ ಒಟ್ಟಿಗೆ ಮನೆಗೆ ತರುತ್ತೇನೆ ಎಂದು ಊಟದ ಹೊತ್ತಿನಲ್ಲಿ ಘೋಷಿಸಿದೆ. ಹೆಂಡತಿ ಮುದ್ದೆ ಬಡಿಸುತ್ತಾ, “ದಮ್ಮಿಗೆ ಮಾತ್ರೆ ತನ್ನಿ ಅಂದ್ರೆ ಆಸ್ಪತ್ರೆ ಕಟ್ಟೋಕೆ ಹೊರಟ್ರಲ್ಲ” ಅಂದಳು. ಅಪ್ಪ ಸಾರು ಹೀರುತ್ತಾ ತಲೆಯಾಡಿಸಿದ. ಅವಳ ಮಾತಿಗೋ ಸಾರಿಗೋ ತಿಳಿಯಲಿಲ್ಲ.

ಹೆಬ್ಬಾಳದಲ್ಲಿ ಇಂಥ ಸಾಮಾನಿನ ಒಂದು ಅಂಗಡಿಯಿತ್ತು. ಅದರ ಯಜಮಾನರು ನನ್ನ ವಯಸ್ಸಿನವರೇ, ಅತಿ ವಿನಯದ ಮನುಷ್ಯ. ಒಂದು ಇನ್ವರ್ಟರ್ ತೋರಿಸಿ ಅಂದರೆ ಆರು ಕರಪತ್ರ ಹರಡಿದರು. ಇನ್ವರ್ಟರ್ ಒಂದೇ ಆದರೂ ಅದಕ್ಕೆ ಕರೆಂಟು ಹದಮಾಡಿ ಕೊಡುವ ಪೆಟ್ಟಿಗೆ ಸೂರ್ಯನಿಗೆ ಬೇರೆ, ಗಾಳಿಗೆ ಬೇರೆ. ಇಬ್ಬರಿಗೂ ಒಂದೇ ಸಾಲದೇ ಎಂದೆ. ಸೂರ್ಯ ಹೊತ್ತು ಹೊತ್ತಿಗೆ ಬರುವ ಮನುಷ್ಯ ಸಾರ್, ಗಾಳಿ ಹಾಗಲ್ಲ ಎಂದರು. ಗಾಳಿ ವಿಪರೀತ ಬಂದಾಗ ಹೆಚ್ಚಾದ ಕರೆಂಟನ್ನು ಒಂದು ಹೀಟರಿಗೆ ಬಿಟ್ಟು ಸುಡಬೇಕಂತೆ. ಸುಡುವುದಕ್ಕೆ ಕರೆಂಟು ಮಾಡುವುದು ಯಾಕೆ ಎಂದು ಕೇಳಿದೆ. “ಗಾಳಿಗೆ ಸಾಕು ನಿಲ್ಲಪ್ಪ ಅನ್ನೋಕಾಗಲ್ಲ ಸಾರ್” ಅಂದರು. ಆ ಹೀಟರನ್ನು ಆಮೇಲೆ ಬಚ್ಚಲಿನ ಬಕೆಟ್ಟಿಗೆ ಇಳಿಬಿಟ್ಟೆವು. ಬಿರುಗಾಳಿ ಬಂದ ದಿನ ಉಗುರುಬೆಚ್ಚಗಿನ ನೀರು ಅರ್ಧ ಬಕೆಟ್ ಸಿಗುತ್ತಿತ್ತು.

ಬ್ಯಾಟರಿಯ ಮಾತು ಬಂದಾಗ ನಾನು ಬೇಡವೇ ಬೇಡ ಅಂದೆ. ಯಶವಂತಪುರದ ಬ್ಯಾಟರಿಗೆ ಆಸಿಡ್ ನೀರು ಹಾಕಿದ ದಿನ ಅದರ ವಾಸನೆಗೇ ಅಪ್ಪನಿಗೆ ದಮ್ಮು ಏರಿತ್ತು. ಹಾಗಾದರೆ ಬೀದಿಯ ಲೈನಿಗೆ ಸೇರಿಸುವ ಇನ್ವರ್ಟರ್ ತಗೊಳ್ಳಿ ಅಂದರು ಯಜಮಾನರು. ಬ್ಯಾಟರಿ ಬೇಕಿಲ್ಲ, ಮನೆಗೆ ಬೇಕಾದಷ್ಟು ಬಳಸಿ ಉಳಿದದ್ದು ತಾನಾಗಿಯೇ ಬೀದಿಯ ಲೈನಿಗೆ ಹೋಗುತ್ತದೆ ಎಂದರು. ಮನೆಗೆ ಬಂದು ಹೇಳಿದೆ. ಅಪ್ಪನ ಮುಖ ಮೊದಲ ಸಲ ಅರಳಿತು. “ನಾವು ಲೈನಿಗೆ ಕೊಡಾದಾ? ಇಷ್ಟ್ ವರ್ಷ ತಿಂದಿದ್ದೀವಿ, ಒಸಿ ವಾಪಸ್ ಕೊಡಾನ” ಅಂದ. ಕರೆಂಟು ಹೋದಾಗ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಸೂರ್ಯ ನಮ್ಮವನು, ಗಾಳಿ ನಮ್ಮದು, ಅದರಲ್ಲಿ ಕೇಳುವುದೇನು?

ಜೋಡಿಸಿದ ದಿನ ಅಪ್ಪ ಪ್ಯಾನೆಲುಗಳಿಗೆ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದ. ಮಧ್ಯಾಹ್ನವಾದರೂ ಕರೆಂಟು ನಿರೀಕ್ಷಿಸಿದಷ್ಟು ಬರಲಿಲ್ಲ. ಹಾರದ ನೆರಳು ಪ್ಯಾನೆಲಿನ ಮೇಲೆ ಬಿದ್ದಿತ್ತು. ಹಾರ ತೆಗೆಯಲು ಅಪ್ಪ ಸಂಜೆಯವರೆಗೆ ಬಿಡಲಿಲ್ಲ, ದೇವರಿಗೆ ಹಾಕಿದ್ದನ್ನು ಬಾಡುವ ಮುಂಚೆ ತೆಗೆಯಬಾರದಂತೆ. ಗಾಳಿಯಂತ್ರದ ಕಥೆ ಇನ್ನೊಂದು. ಅದು ತಿರುಗಿದರೆ ಹಳೇ ಸೀಲಿಂಗ್ ಫ್ಯಾನಿನ ಸದ್ದು, ತಿರುಗದಿದ್ದರೆ ಪಾರಿವಾಳಗಳ ಸದ್ದು. ಸುತ್ತಲಿನವರು ನಮ್ಮ ಮನೆಗೆ ಗಿರಿಗಿಟ್ಲೆ ಮೇಷ್ಟ್ರ ಮನೆ ಎಂದು ಹೆಸರಿಟ್ಟರು. ಮದುವೆಯ ಕಾಗದ ಕೊಡಲು ಬಂದವರು ಕೂಡ ಹಾಗೆಯೇ ಕೇಳಿಕೊಂಡು ಬರುತ್ತಿದ್ದರು.

ಒಂದು ವಾರ ಕರೆಂಟು ಹೋಗಲೇ ಇಲ್ಲ. ಹೋಗಲಿ ಎಂದು ನಾನು ಕಾಯುತ್ತಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಒಂದು ಭಾನುವಾರ ನಡುಮಧ್ಯಾಹ್ನ ಹೋಯಿತು. ಮೇಲೆ ಕೆಂಡದಂಥ ಬಿಸಿಲು, ಯಂತ್ರ ಗರಗರ ತಿರುಗುತ್ತಿದೆ, ಮನೆಯೊಳಗೆ ಒಂದು ಜೀರೋ ಬಲ್ಬೂ ಉರಿಯುತ್ತಿಲ್ಲ. ಅಪ್ಪ ಮಾಸ್ಕ್ ಹಾಕಿಕೊಂಡು ಕಾದು ಕಾದು ತೆಗೆದ. ಭುಜ ಏರತೊಡಗಿತು. ನಾನು ಹೆಬ್ಬಾಳಕ್ಕೆ ಫೋನು ಮಾಡಿ ಬಾಯಿಗೆ ಬಂದದ್ದು ಬೈದೆ. ಯಜಮಾನರು ಎಲ್ಲ ಕೇಳಿಸಿಕೊಂಡು, “ನಿಮ್ಮ ಏರಿಯಾದಲ್ಲಿ ಕರೆಂಟ್ ಹೋಗಿದೆಯಾ ಸಾರ್?” ಅಂದರು. ಹೋಗಿದೆ, ಅದಕ್ಕೇ ತಾನೆ ಇದನ್ನು ಹಾಕಿಸಿದ್ದು ಎಂದೆ. “ಕರೆಂಟ್ ಹೋದ್ರೆ ಇದೂ ಆಫ್ ಆಗುತ್ತೆ ಸಾರ್. ಆಗ್ಲೇಬೇಕು.”

ಕರೆಂಟು ಇದ್ದಾಗ ಕರೆಂಟು ಕೊಡುವ, ಇಲ್ಲದಾಗ ಕೊಡದ ಸಾಮಾನಿಗೆ ತಾರಸಿಯನ್ನೆಲ್ಲ ಬಿಟ್ಟುಕೊಟ್ಟಿದ್ದೆ. ತಲೆ ಚಚ್ಚಿಕೊಳ್ಳಲು ಸಮಯವಿರಲಿಲ್ಲ. ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಜಾಲಹಳ್ಳಿಯ ಕ್ಲಿನಿಕ್ಕಿಗೆ ಓಡಿದೆವು. ಅಲ್ಲಿ ಹತ್ತು ನಿಮಿಷ ಆವಿ ಎಳೆದುಕೊಂಡ ಮೇಲೆ ಅವನು ಮೊದಲು ಆಡಿದ ಮಾತು, “ಸೂರ್ಯಂಗೂ ಲೋಡ್ ಶೆಡ್ಡಿಂಗಾ ಮೇಷ್ಟ್ರೇ?”

ಮಾರನೆಯ ದಿನ ಹೆಬ್ಬಾಳದವರು ತಾವೇ ಬಂದರು. ನಾನು ಇದನ್ನು ಕಿತ್ತುಕೊಂಡು ಹೋಗಿ ಎಂದು ಕೂಗಾಡುತ್ತಿದ್ದೆ. ಅವರು ಜಗಲಿಯಲ್ಲಿ ಕೂತು ಕಾಫಿ ಲೋಟ ಹಿಡಿದುಕೊಂಡು ಬಿಡಿಸಿ ಹೇಳಿದರು. ಬೀದಿಯಲ್ಲಿ ಕರೆಂಟು ಹೋದಾಗ ಯಾರೋ ರಿಪೇರಿಗೆ ಕಂಬ ಹತ್ತಿರುತ್ತಾರೆ. ಲೈನು ಸತ್ತಿದೆ ಎಂದು ನಂಬಿಕೊಂಡು ಮುಟ್ಟುತ್ತಾರೆ. ಆಗ ನಮ್ಮ ತಾರಸಿಯ ಕರೆಂಟು ಹಿಮ್ಮುಖವಾಗಿ ಲೈನಿಗೆ ಹೋದರೆ ಅವರ ಗತಿ ಏನು? ಅದಕ್ಕೇ ಬೀದಿಯ ಲೈನು ಸತ್ತ ಕೂಡಲೇ ಈ ಇನ್ವರ್ಟರ್ ತಾನೂ ಸುಮ್ಮನಾಗುತ್ತದೆ.

ಅಪ್ಪ ಕುರ್ಚಿಯಿಂದ ಎದ್ದ. ಇನ್ನೊಂದು ಸಲ ಹೇಳಿ ಎಂದ. ಅವರು ಹೇಳಿದರು. ಅದು ಮೆಷೀನಿನ ಪುಸ್ತಕದಲ್ಲಿ ಬರೆದಿದೆಯೇ ಎಂದು ಕೇಳಿದ. ಇದೆ ಅಂದರು. ನನ್ನ ಕೈಲಿ ಆ ಪುಟ ಓದಿಸಿ ಕನ್ನಡದಲ್ಲಿ ಹೇಳಿಸಿದ. ನಾನು ಹೇಳುತ್ತಿದ್ದಾಗ ಅವನ ಕೈ ಅಂಗಿಯ ಜೇಬಿನ ಮೇಲಿತ್ತು. ಜೇಬು ಖಾಲಿಯಿತ್ತು.

ಅವತ್ತು ಅಪ್ಪ ಹೇಳಿದ ಸಂಗತಿಯಲ್ಲಿ ಅರ್ಧ ನನಗೆ ಗೊತ್ತಿತ್ತು, ಗೊತ್ತಿದೆ ಎಂದು ಗೊತ್ತಿರಲಿಲ್ಲ. ನಾನು ಸಣ್ಣವನಿದ್ದಾಗ ಪ್ರತಿ ಹಬ್ಬಕ್ಕೆ ಅಪ್ಪನ ಜೊತೆಗಾರನೊಬ್ಬ ಊಟಕ್ಕೆ ಬರುತ್ತಿದ್ದ. ಅವನಿಗೆ ಬಲಗೈ ಇರಲಿಲ್ಲ. ಒಬ್ಬಟ್ಟನ್ನು ಎಡಗೈಯಲ್ಲಿ ಮುರಿದು ತಿನ್ನುತ್ತಿದ್ದ. ಊಟವಾಗಿ ಎಲೆಅಡಿಕೆ ಹಾಕಿಕೊಂಡ ಮೇಲೆ ನಗುತ್ತಾ ಕೇಳುತ್ತಿದ್ದ, “ನಿಜ ಯೋಳ್ಲಾ, ಕಿತ್ತಿದ್ದಾ?” ಅಪ್ಪ, “ಕಿತ್ತಿದ್ದೆ ಕಣ್ಲಾ” ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ಅದೊಂದು ತಮಾಷೆ ಎಂದುಕೊಂಡು ನಾನೂ ನಗುತ್ತಿದ್ದೆ. ಅವನು ತೀರಿಕೊಳ್ಳುವವರೆಗೂ ಆ ಪ್ರಶ್ನೆ ತಪ್ಪಲಿಲ್ಲ.

ಮಾಕಳಿಯ ಹತ್ತಿರ ನಡೆದದ್ದಂತೆ. ಅಪ್ಪ ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹತ್ತು ಎಂದು ಕೈ ಮಾಡಿದ್ದಾನೆ. ಇದಕ್ಕೆ ಅವರು ಲೈನ್ ಕ್ಲಿಯರ್ ಕೊಡುವುದು ಅನ್ನುತ್ತಾರೆ. ಜೊತೆಗಾರ ಹತ್ತಿ ತಂತಿ ಮುಟ್ಟಿದ. ಅಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿಯವನು ಹೊಸದಾಗಿ ತಂದಿದ್ದ ಜನರೇಟರ್ ಶುರು ಮಾಡಿದ್ದ. ಕರೆಂಟು ಗಿರಣಿಯಿಂದ ಹಿಂದಕ್ಕೆ ಕಂಬಕ್ಕೆ ಬಂತು. ಮೇಲಿಂದ ಗೆಳೆಯ ಬಿದ್ದ. ಕೆಳಗೆ ಅಪ್ಪ ಜೇಬಿನಲ್ಲಿ ಫ್ಯೂಸು ಇಟ್ಟುಕೊಂಡು ನಿಂತಿದ್ದ. ನೀನು ಕೀಳಲು ಮರೆತಿರಬೇಕು, ಆಮೇಲೆ ಕಿತ್ತಿರಬೇಕು ಎಂದು ಜೊತೆಯವರು ಮಾತಾಡಿಕೊಂಡರು. ಗಿರಣಿಯಿಂದ ಬಂತು ಎಂದು ಅಪ್ಪ ಹೇಳಿದ್ದನ್ನು ಯಾರೂ ನಂಬಲಿಲ್ಲ, ಕರೆಂಟು ಎಲ್ಲಾದರೂ ಹಿಂದಕ್ಕೆ ನಡೆಯುತ್ತದೆಯೇ ಎಂದು ನಕ್ಕರು.

“ಇಷ್ಟ್ ವರ್ಷಕ್ಕೆ ಒಂದು ಮೆಷೀನಾನಾ ಕಂಬದ ಮೇಲಿರೋನ್ನ ನೆನೆಸ್ಕೊಂಡೈತೆ” ಅಂದ ಅಪ್ಪ. “ಇದನ್ನ ತೆಗೀಬೇಡ.”

ನನಗೆ ಕಣ್ಣು ತುಂಬಿತ್ತು, ಆದರೂ ರೇಗಿದೆ. ನಿನ್ನ ಉಸಿರಿನ ಗತಿ ಏನು ಎಂದು ಕೇಳಿದೆ.

“ನನ್ನ ಉಸ್ರು ಅತ್ತು ನಿಮಿಷ ತಡೀತದೆ ಮಗಾ. ಅವಂದು ತಡಿಯಕಿಲ್ಲ.”

ಮೇಷ್ಟ್ರೇ ಅನ್ನದೆ ಮಗಾ ಅಂದಿದ್ದ.

ಹೆಬ್ಬಾಳದವರು ತಣ್ಣಗಾಗಿದ್ದ ಕಾಫಿ ಕುಡಿದು, ಮೂರನೆಯ ಬಗೆಯದೊಂದಿದೆ ಎಂದು ಮೆಲ್ಲಗೆ ಹೇಳಿದರು. ಅದು ಬೀದಿಯಲ್ಲಿ ಕರೆಂಟು ಹೋದೊಡನೆ ಮೊದಲು ಬೀದಿಯ ಸಂಬಂಧ ಕಡಿದುಕೊಳ್ಳುತ್ತದೆ, ಆಮೇಲೆ ಮನೆಯೊಳಗೆ ಮಾತ್ರ ಕರೆಂಟು ಕೊಡುತ್ತದೆ. ಬ್ಯಾಟರಿ ಬೇಕು, ಆದರೆ ವಾಸನೆ ಬರದ, ಪೂರ್ತಿ ಮುಚ್ಚಿದ ಬ್ಯಾಟರಿ ಸಿಗುತ್ತದೆ, ತಾರಸಿಯ ಗೂಡಿನಲ್ಲಿ ಇಡಬಹುದು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದೆ. “ನೀವು ಬ್ಯಾಟರಿ ಬೇಡವೇ ಬೇಡ ಅಂದ್ರಲ್ಲ ಸಾರ್” ಅಂದರು. ಅದೂ ನಿಜವೇ.

ಅಪ್ಪ ಸುಲಭಕ್ಕೆ ಬಿಡಲಿಲ್ಲ. ಕಡಿಯುವುದು ಯಾರು ಎಂದು ಕೇಳಿದ. ಒಳಗೊಂದು ಸ್ವಿಚ್ ಇದೆ, ತಾನೇ ಕಡಿಯುತ್ತದೆ ಅಂದರು. “ಕಡ್ದಿದ್ದನ್ನ ಎಲ್ಲಿ ಮಡೀಕೊಳ್ತೈತೆ? ಅದಕ್ಕೆ ಜೇಬೈತಾ?” ಪಾಪ, ಆ ವಿನಯದ ಮನುಷ್ಯ ಇನ್ವರ್ಟರಿಗೆ ಜೇಬಿಲ್ಲ ಎಂದು ತಲೆ ತಗ್ಗಿಸಿ ಒಪ್ಪಿಕೊಂಡರು. ಕೊನೆಗೆ ಅಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ. ಮೆಷೀನು ಕಡಿದರೂ ಕಡಿಯಲಿ, ತಾನೂ ಒಂದು ಸಲ ಫ್ಯೂಸು ಕೀಳುತ್ತೇನೆ.

ಹೀಗೆ ಮೂರನೆಯ ಇನ್ವರ್ಟರ್ ಬಂತು. ಕರೆಂಟು ಹೋದರೂ ನೆಬ್ಯುಲೈಸರ್ ನಡೆಯಿತು, ಆವಿ ಬಂತು. ಆದರೆ ಎದೆ ಏದುತ್ತಿದ್ದರೂ ಅಪ್ಪ ಚಪ್ಪಲಿ ಮೆಟ್ಟಿ ಗೇಟಿಗೆ ನಡೆದು, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ವಾಪಸ್ ಬಂದು, ಆಮೇಲೆ ಮಾಸ್ಕ್ ಹಾಕಿಕೊಳ್ಳುತ್ತಿದ್ದ. ಮೊದಲು ಮಾಸ್ಕ್ ಹಾಕಿಕೋ, ನಾನು ಕೀಳುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ಆವಿ ಎಳೆದುಕೊಂಡ ಮೇಲೆ ಅವನಿಗೆ ನಿದ್ದೆ ಹತ್ತುತ್ತಿತ್ತು, ಜೇಬಿನ ಮೇಲೆ ಕೈಯಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಅಷ್ಟರಲ್ಲಿ ಬೀದಿಗೆಲ್ಲ ಕರೆಂಟು ಬಂದಿರುತ್ತಿತ್ತು. ನಮ್ಮ ಮನೆ ಮಾತ್ರ ಅವನು ಏಳುವವರೆಗೆ ಸೂರ್ಯ ಮತ್ತು ಗಾಳಿಯ ಧರ್ಮದಲ್ಲಿ ಇರುತ್ತಿತ್ತು. “ಮೂರು ಇನ್ವರ್ಟರ್ ತಂದ್ರೂ ಈ ಮನೆ ಸ್ವಿಚ್ಚು ಮಾವನ ಜೇಬಲ್ಲೇ ಇದೆ” ಎಂದು ಹೆಂಡತಿ ನೆಂಟರಿಗೆಲ್ಲ ಹೇಳುತ್ತಿದ್ದಳು.

ಒಂದು ಶ್ರಾವಣದಲ್ಲಿ ಮೂರು ದಿನ ಮೋಡ ಕವಿದುಕೊಂಡಿತು. ಎಲ್ಲೋ ಕೊಂಬೆ ಮುರಿದು ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು. ನಾನು ಸ್ಕೂಲಿನಲ್ಲಿದ್ದೆ. ಅಪ್ಪನಿಗೆ ಜೋರಾಗಿ ದಮ್ಮು ಏರಿದೆ. ನೆಬ್ಯುಲೈಸರ್ ಪಕ್ಕದಲ್ಲೇ ಇತ್ತು, ಮನೆಯೊಳಗೆ ಬ್ಯಾಟರಿಯ ಕರೆಂಟೂ ಇತ್ತು. ಅವನು ಗೇಟಿಗೆ ಹೋಗಿದ್ದಾನೆ. ಫ್ಯೂಸು ಕಿತ್ತಿದ್ದಾನೆ. ವಾಪಸ್ ಬರಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾನೆ. ಹೆಂಡತಿ ನೋಡಿ ಪಕ್ಕದ ಮನೆಯವರನ್ನು ಕೂಗಿ ಆಸ್ಪತ್ರೆಗೆ ಸೇರಿಸಿದಳು. ನಾನು ಓಡಿಹೋದಾಗ ಅಪ್ಪ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಹೊರಗೆ ಹೋಗಿ ನಿಂತುಕೊಂಡೆ, ಇಲ್ಲದಿದ್ದರೆ ಮಲಗಿದ್ದವನಿಗೇ ಬೈಯುತ್ತಿದ್ದೆ. ನರ್ಸಮ್ಮ ಅವನ ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದುಕೊಟ್ಟರು. ಪಿಂಗಾಣಿ ತುಂಡನ್ನು ತೋರಿಸಿ, ಇದೇನು ಔಷಧಿ ಅರೆಯೋದಾ ಎಂದು ಕೇಳಿದರು.

ಹೆಂಡತಿ ಆಸ್ಪತ್ರೆಯಲ್ಲೇ ಉಳಿದಳು, ನಾನೂ ಅಲ್ಲಿಗೂ ಸ್ಕೂಲಿಗೂ ಓಡಾಡುತ್ತಿದ್ದೆ. ಎರಡು ದಿನವಾದ ಮೇಲೆ ಬೆಳಗ್ಗೆ ಮನೆಗೆ ಬಂದರೆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಮಿಕ್ಸಿಯ ಸದ್ದು, ನಮ್ಮ ಮನೆ ಮಾತ್ರ ಸ್ಮಶಾನ. ಮೋಡಕ್ಕೆ ಬ್ಯಾಟರಿ ಬರಿದಾಗಿತ್ತು. ಫ್ರಿಜ್ಜಿನಲ್ಲಿ ಹಾಲು ಒಡೆದು ನಾರುತ್ತಿತ್ತು. ಕವರಿನಿಂದ ಫ್ಯೂಸು ತೆಗೆದುಕೊಂಡು ಮೀಟರ್ ಬೋರ್ಡಿನ ಮುಂದೆ ನಿಂತೆ. ಆಗ ಹೆಂಡತಿಯ ಫೋನಿನಿಂದ ಅಪ್ಪ ಮಾತಾಡಿದ. ಧ್ವನಿಗಿಂತ ಉಸಿರೇ ಹೆಚ್ಚು ಕೇಳುತ್ತಿತ್ತು.

“ಆಕ್ದಾ?”

ಇನ್ನೂ ಇಲ್ಲ, ಹಾಕುತ್ತಿದ್ದೇನೆ ಎಂದೆ.

“ಮೊದ್ಲು ಕಂಬ ನೋಡು.”

ಬೀದಿಗೆಲ್ಲ ಕರೆಂಟು ಬಂದು ಎರಡು ದಿನವಾಗಿದೆ, ಜೀವ ಇರುವ ಲೈನಿನ ಮೇಲೆ ಯಾರು ಹತ್ತಿರುತ್ತಾರೆ ಎಂದು ಹೇಳಲು ಬಾಯಿ ತೆರೆದೆ. ಆ ಕಡೆ ಉಸಿರು ಏರುತ್ತಿತ್ತು, ಇಳಿಯುತ್ತಿತ್ತು. ಹೊರಗೆ ಬಂದು ತಲೆಯೆತ್ತಿ ನೋಡಿದೆ. ಯಾರೂ ಇಲ್ಲ ಅಂದೆ. “ಆಚೇದು?” ಅಂದ. ಮುಂದಿನ ಕಂಬಕ್ಕೆ ನಡೆದೆ. ಅದರ ಮೇಲೂ ಯಾರೂ ಇಲ್ಲ. ಅದರಾಚೆಯದು ಕೇಳಿದ. ಹೀಗೆ ಒಂದು ಕೈಯಲ್ಲಿ ಫ್ಯೂಸು, ಒಂದು ಕೈಯಲ್ಲಿ ಫೋನು ಹಿಡಿದು, ಕಂಬದಿಂದ ಕಂಬಕ್ಕೆ ಆಕಾಶ ನೋಡುತ್ತಾ ಟ್ರಾನ್ಸ್‌ಫಾರ್ಮರಿನವರೆಗೆ ಹೋದೆ. ಹಾಲಿನವನು ಸೈಕಲ್ ನಿಲ್ಲಿಸಿ ತಾನೂ ಮೇಲೆ ನೋಡಿದ. ಏನು ಕಳೆದುಹೋಗಿದೆ ಸಾರ್ ಎಂದು ಕೇಳಿದ.

ಟ್ರಾನ್ಸ್‌ಫಾರ್ಮರಿನ ಕೆಳಗೆ ನಿಂತು ಸುತ್ತ ಇನ್ನೊಮ್ಮೆ ನೋಡಿದೆ.

“ಯಾರೂ ಇಲ್ಲಪ್ಪ” ಅಂದೆ. “ಎಲ್ಲರೂ ಇಳಿದಿದಾರೆ.”

ಯಾಕೆ ಹಾಗಂದೆನೋ ಗೊತ್ತಿಲ್ಲ.

“ಸರಿ” ಅಂದ ಅಪ್ಪ. “ಈಗ ಆಕು.”